ಕಿತ್ತಳೆ ಗುಂಡಿಯ ವಾಕ್‌ಮನ್

ನಾನು ಆಗ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಸ್ಯಾಂಪಲ್ ಟೈಲರ್ ಆಗಿದ್ದೆ. ಬೇರೆ ಹೆಂಗಸರು ದಿನವಿಡೀ ಬರೀ ಕಾಲರನ್ನೋ ಬರೀ ತೋಳನ್ನೋ ಹೊಲಿಯುತ್ತಿದ್ದರೆ, ನಾನು ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಹೊಲಿದು ಮುಗಿಸಬೇಕಿತ್ತು. ಹೊರದೇಶದ ಗಿರಾಕಿಗಳು ಬಂದು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಪ್ಪಿದರೆ ಆರ್ಡರ್ ಬರುತ್ತಿತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಮದುವೆಯಾಗಿ ಹತ್ತು ತಿಂಗಳಾಗಿತ್ತು.

ಹಾಗೆ ಬಂದ ಗಿರಾಕಿಗಳಲ್ಲಿ ಬಹಳ ಎತ್ತರದ ಹೆಂಗಸೊಬ್ಬಳಿದ್ದಳು. ಒಂದು ಗುಂಡಿಯ ಕಾಜಾ ಸರಿಯಾಗಿಲ್ಲವೆಂದು ಮತ್ತೆ ಹಾಕಿಸಿಕೊಳ್ಳುತ್ತಾ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಸೊಂಟದಲ್ಲಿ ನೀಲಿ ಬಣ್ಣದ ಒಂದು ಪುಟ್ಟ ಪೆಟ್ಟಿಗೆ, ಕುತ್ತಿಗೆಯಲ್ಲಿ ಒಂದು ತಂತಿಯ ಕಮಾನು. ನಾನು ಕಾಜಾ ನೋಡುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ ಎಂದು ಕಾಣುತ್ತದೆ. ಅವಳು ನಕ್ಕು, ಆ ಕಮಾನನ್ನು ತೆಗೆದು ನನ್ನ ತಲೆಗೆ ಸಿಕ್ಕಿಸಿದಳು.

ಹಾಡು ಯಾವ ಭಾಷೆಯದೋ ಗೊತ್ತಾಗಲಿಲ್ಲ. ಗಂಡಸಿನ ದನಿಯೋ ಹೆಂಗಸಿನ ದನಿಯೋ, ಅದೂ ಈಗ ನೆನಪಿಲ್ಲ. ನೆನಪಿರುವುದು ಒಂದೇ. ಆ ಹಾಲಿನಲ್ಲಿದ್ದ ಅಷ್ಟೂ ಮಷಿನ್‌ಗಳ ಸದ್ದು ಎಲ್ಲೋ ದೂರಕ್ಕೆ ಹೊರಟುಹೋಯಿತು. ಎದುರಿಗೆ ನಮ್ಮ ಸೂಪರ್‌ವೈಸರ್ ಕೈ ಬೀಸಿ ಬೀಸಿ ಬೈಯುತ್ತಿದ್ದರು. ಬಾಯಿ ಮಾತ್ರ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವರು ಅಷ್ಟು ಒಳ್ಳೆಯ ಮನುಷ್ಯರಂತೆ ನನಗೆ ಅದಕ್ಕೆ ಮುಂಚೆ ಯಾವತ್ತೂ ಕಂಡಿರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ, ಇದು ನನಗೂ ಬೇಕು ಎಂದು.

ಯಾಕೆ ಬೇಕಿತ್ತು ಎಂದು ಅರ್ಥವಾಗಬೇಕಾದರೆ ನಮ್ಮ ಮನೆಯ ವಿಷಯ ಹೇಳಬೇಕು. ನನ್ನನ್ನು ಕೊಟ್ಟದ್ದು ಜರಗನಹಳ್ಳಿಗೆ. ಮಾವನವರದು ರಾಗಿ ಬೆಳೆಯುತ್ತಿದ್ದ ಮನೆತನ. ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಮನೆಯ ಪಕ್ಕದಲ್ಲಿ ಸಾಲಾಗಿ ಆರು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮನೆಯೊಳಗೆ ಮಾವ, ಅತ್ತೆ, ಭಾವ, ಭಾವನ ಹೆಂಡತಿ, ನನ್ನ ಗಂಡ ಮತ್ತು ನಾನು. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮಾವನಿಗೆ ಹತ್ತು ವರ್ಷದಿಂದ ಕಿವಿ ಮಂದ. ಕಿವಿಯ ಹತ್ತಿರ ಬಂದು ಕಿರುಚಿದರೆ ಅರ್ಧ ಕೇಳಿಸುತ್ತಿತ್ತು, ಉಳಿದರ್ಧವನ್ನು ಅವರೇ ಊಹೆ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು. ಕಿರುಚಿ ಕಿರುಚಿ ಅಭ್ಯಾಸವಾಗಿ, ಮಾವ ಇಲ್ಲದಾಗಲೂ ಉಪ್ಪು ಬೇಕೆಂದರೆ ಕಿರುಚುವುದು, ನೀರು ಬಂತೆಂದರೆ ಕಿರುಚುವುದು. ರೇಡಿಯೋ ಹಾಕಿದರೆ ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತವರಿಗೂ ವಾರ್ತೆ ಕೇಳಿಸುತ್ತಿತ್ತು. ಫ್ಯಾಕ್ಟರಿಯಲ್ಲಿ ಮಷಿನ್ ಸದ್ದು, ಮನೆಯಲ್ಲಿ ಮನುಷ್ಯರ ಸದ್ದು. ಒಂದು ಹಾಡನ್ನು ಮೆಲ್ಲಗೆ, ನನಗೆ ಮಾತ್ರ ಕೇಳಿಸುವ ಹಾಗೆ ಕೇಳಬೇಕೆನ್ನುವುದು ನನ್ನ ಆಸೆಯಾಗಿತ್ತು.

ಅಂಥ ಪೆಟ್ಟಿಗೆ ಅಂಗಡಿಯಲ್ಲಿ ಇಟ್ಟು ಮಾರುವ ಕಾಲವಲ್ಲ ಅದು. ಆದರೆ ತಿಲಕ್ ನಗರದಲ್ಲಿ ನನ್ನ ತಾಯಿಯ ಮನೆಯಿಂದ ಮೂರನೇ ಬಾಗಿಲಿಗೆ, ಬೀದಿಯವರೆಲ್ಲ ಆಪಾ ಎಂದು ಕರೆಯುತ್ತಿದ್ದ ಒಬ್ಬ ಹೆಂಗಸಿದ್ದರು. ಅವರ ಗಂಡ ಗಲ್ಫಿನಲ್ಲಿ ಕೆಲಸಕ್ಕಿದ್ದರು. ಬಂದಾಗಲೆಲ್ಲ ಸೆಂಟು, ಸೀರೆ, ಟಾರ್ಚು ತಂದುಕೊಡುತ್ತಿದ್ದರು, ಇಲ್ಲವೇ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಆಪಾ ಅದನ್ನು ಬೀರುವಿನಲ್ಲಿಟ್ಟು ಗೊತ್ತಿದ್ದವರಿಗೆ ಮಾರುತ್ತಿದ್ದರು. ಹಬ್ಬದ ಬೋನಸ್ ಬಂದ ಮಾರನೆಯ ದಿನವೇ ಹೋಗಿ ಕೇಳಿದೆ.

"ನಿನ್ನ ನಸೀಬು ನೋಡು," ಎಂದು ಆಪಾ ಬೀರುವಿನ ಒಳಗಿನ ಬೀರು ತೆಗೆದರು. "ಹೋದ್ ವಾರ ಬಂತು. ಜಪಾನ್ ಮಾಲು. ಒಂದನೇ ನಂಬರ್‌ದು. ಸಸ್ತಾದಲ್ಲೂ ಇದೆ ಬೇರೆ, ಆದ್ರೆ ಅದು ನಿನಗೆ ಬೇಡ. ನೀನು ಕೈಕೆಲಸದೋಳು, ನಿನಗೆ ಫಿನಿಷಿಂಗ್ ಗೊತ್ತಾಗುತ್ತೆ."

ನನ್ನನ್ನು ಹೇಗೆ ಹಿಡಿಯಬೇಕೆಂದು ಆಪಾಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆ ಕೈಗೆ ಬಂತು. ನೀಲಿ ಮತ್ತು ಬೆಳ್ಳಿ ಬಣ್ಣದ ಲೋಹ, ತಣ್ಣಗೆ, ಕೈಯಲ್ಲಿ ಕೂರುವ ತೂಕ. ಅಂಚಿನಲ್ಲಿ ಎಲ್ಲೂ ಉಗುರು ಸಿಕ್ಕಿಕೊಳ್ಳುವಂಥ ಸಂದು ಇಲ್ಲ. ತೊಗಲಿನ ಚೀಲದ ಹೊಲಿಗೆಯನ್ನು ಕಣ್ಣ ಹತ್ತಿರ ತಂದು ನೋಡಿದೆ. ಒಂದು ಟಾಕೂ ತಪ್ಪಿರಲಿಲ್ಲ. ಪೆಟ್ಟಿಗೆಯ ತಲೆಯ ಮೇಲೆ ಹೆಡ್‌ಫೋನ್ ಸಿಕ್ಕಿಸುವ ಎರಡು ತೂತಿತ್ತು.

"ಎರಡು ಯಾಕೆ ಆಪಾ?"

"ಒಂದು ಗಂಡಂದು, ಒಂದು ಹೆಂಡ್ತೀದು."

"ಈ ಆರೆಂಜ್ ಗುಂಡಿ?"

"ಅದೇನೋ ಇದೆ. ನಮ್ಮನೆಯವರು ಕಾಗದದಲ್ಲಿ ಬರೆದಿಲ್ಲ. ಮುಟ್ಬೇಡ ಸುಮ್ನೆ."

ಬೆಲೆ ಕೇಳಿದ ಮೇಲೆ ಸ್ವಲ್ಪ ಹೊತ್ತು ನಾನು ಗೋಡೆ ನೋಡಿದೆ. ಇಡೀ ಬೋನಸ್ಸು. ಆಮೇಲೆ, "ಸ್ವಲ್ಪ ಕಡಿಮೆ ಮಾಡ್ಕೊಳಿ ಆಪಾ," ಎಂದೆ.

"ಕಡಿಮೆ ಮಾಡಿದ್ರೆ, ಅವರು ಅಲ್ಲಿ ಬಿಸಿಲಲ್ಲಿ ನಿಂತಿದ್ದು ಕಡಿಮೆ ಆಗುತ್ತಾ, ಹೇಳು."

ದುಡ್ಡು ಎಣಿಸಿ ಕೊಟ್ಟು ಬಿಟ್ಟೆ. ನಾನು ಹೊಸಿಲು ದಾಟುವಾಗ ಆಪಾ ಹಿಂದಿನಿಂದ ಕರೆದು ಇನ್ನೊಂದು ಹೆಡ್‌ಫೋನ್ ಕೈಗಿಟ್ಟರು. "ನಿನ್ನ ಗಂಡನಿಗೆ. ಮದುವೆಗೆ ನಾನು ಬರೋಕಾಗ್ಲಿಲ್ಲಲ್ಲ."

ನನ್ನ ಗಂಡ ಜಯನಗರದ ಒಂದು ಶಾಲೆಯಲ್ಲಿ ಗುಮಾಸ್ತರು. ಪೆಟ್ಟಿಗೆ ನೋಡಿ ಮೊದಲು ಖುಷಿಪಟ್ಟರು, ಬೆಲೆ ಕೇಳಿ ಮಂಚದ ಮೇಲೆ ಕೂತರು.

"ಇಷ್ಟಕ್ಕೆ ಒಂದು ಮೊಪೆಡ್‌ಗೆ ಅಡ್ವಾನ್ಸ್ ಕೊಡಬಹುದಿತ್ತಲ್ಲೇ."

"ಮೊಪೆಡ್ ಹಾಡು ಹೇಳುತ್ತೇನ್ರೀ?"

ಅತ್ತೆಯದು ಬೇರೆಯೇ ಆಕ್ಷೇಪ. ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, "ಇದಕ್ಕೆ ಬಾಯೇ ಇಲ್ವಲ್ಲೆ!" ಎಂದರು.

"ಕಿವಿಗೆ ಹಾಕ್ಕೊಂಡು ಕೇಳೋದು ಅತ್ತೆ."

"ಒಬ್ಬಳೇ ಕೇಳೋದಾ? ಮನೇಲಿ ಇಷ್ಟು ಜನ ಇಟ್ಕೊಂಡು ಒಬ್ಬಳೇ?" ಬಾಗಿಲು ಹಾಕಿಕೊಂಡು ಹೋಳಿಗೆ ತಿಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಕ್ಯಾಸೆಟ್ಟಿನದೂ ಒಂದು ಕತೆಯೇ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ನಾವು ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಅಂಗಡಿಯೊಂದಿತ್ತು. ಅಂಗಡಿಯಾತನಿಗೆ ತನ್ನದೇ ಅಭಿರುಚಿ. ನನ್ನ ಪಟ್ಟಿಯಲ್ಲಿ ತನಗೆ ಹಿಡಿಸದ ಹಾಡಿದ್ದರೆ ಅದನ್ನು ಬಿಟ್ಟು ತನಗೆ ಹಿಡಿಸಿದ್ದನ್ನು ತುಂಬಿಸುತ್ತಿದ್ದ. ಕೊನೆಯಲ್ಲಿ ಎರಡು ನಿಮಿಷ ಟೇಪು ಉಳಿದರೆ ಅಲ್ಲಿಗೆ ಒಂದು ಭಜನೆ. ಅದು ಪಲ್ಲವಿ ಮುಗಿಯುವಷ್ಟರಲ್ಲಿ ಟಪ್ಪೆಂದು ನಿಲ್ಲುತ್ತಿತ್ತು. ಎರಡು ಪ್ರೇಮಗೀತೆ ಕೇಳಿ ಮೂರನೆಯದಕ್ಕೆ ಕಾದು ಕೂತಾಗ ತಾಳ ತಂಬೂರಿ ಶುರುವಾಗುವುದು ನನಗೆ ಆಮೇಲಾಮೇಲೆ ಅಭ್ಯಾಸವಾಯಿತು.

ಮನೆಯಿಂದ ಫ್ಯಾಕ್ಟರಿಗೆ ಬಸ್ಸು ಬದಲಿಸಿ ಬದಲಿಸಿ ಹೋಗಬೇಕು. ಮೊದಲ ದಿನ ಬಸ್ಸಿನಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಬಹಳ ಹೊತ್ತು ನನ್ನ ಕಿವಿಯ ಮೇಲಿನ ಸ್ಪಂಜನ್ನೇ ನೋಡಿ, ಕೊನೆಗೆ ನನ್ನ ಮೊಣಕೈ ಮುಟ್ಟಿದರು. ಹೆಡ್‌ಫೋನ್ ಕೆಳಗಿಳಿಸಿದೆ.

"ಎರಡೂ ಕಿವೀನಾ ಕಣವ್ವ? ಪಾಪ, ಇಷ್ಟು ಚಿಕ್ಕ ವಯಸ್ಸಿಗೆ. ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಎರಡು ಹನಿ ಬಿಟ್ಕೊ."

"ಕಿವಿಗೆ ಏನೂ ಆಗಿಲ್ಲ ಅಕ್ಕ. ಹಾಡು ಕೇಳ್ತಿದೀನಿ."

"ಕೇಳ್ತಿದೀಯೋ, ಹೇಳ್ತಿದೀಯೋ?"

ಸುತ್ತ ನೋಡಿದೆ. ಮುಂದಿನ ಮೂರು ಸೀಟಿನವರು ಹಿಂದಕ್ಕೆ ತಿರುಗಿ ಕೂತು ನನ್ನನ್ನೇ ನೋಡುತ್ತಿದ್ದರು. ಬನಶಂಕರಿಯಿಂದ ಅಲ್ಲಿಯವರೆಗೂ ನಾನು ಗಟ್ಟಿಯಾಗಿ ಹಾಡಿಕೊಂಡೇ ಬಂದಿದ್ದೆ. ಅದೂ ಗಂಡು ಹಾಡುವ ಸಾಲನ್ನೂ ಹೆಣ್ಣು ಹಾಡುವ ಸಾಲನ್ನೂ ಸೇರಿಸಿ.

ಆರೆಂಜ್ ಗುಂಡಿಯ ಗುಟ್ಟು ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ. ಮಾಳಿಗೆಯ ಮೇಲೆ ಸಂಡಿಗೆ ಒಣಗಲು ಹಾಕಿ, ಕಾಗೆ ಕಾಯುವ ನೆಪದಲ್ಲಿ ನಾನೂ ನನ್ನ ಗಂಡನೂ ನೀರಿನ ತೊಟ್ಟಿಯ ನೆರಳಿನಲ್ಲಿ ಕೂತಿದ್ದೆವು. ಇಬ್ಬರ ತಲೆಗೂ ಒಂದೊಂದು ಹೆಡ್‌ಫೋನ್, ಮಧ್ಯದಲ್ಲಿ ಪೆಟ್ಟಿಗೆ. ಅವರು ಸುಮ್ಮನಿರಲಾರದೆ ಗುಂಡಿ ಒತ್ತಿದರು. ಒತ್ತಿದ ಕೂಡಲೇ ಹಾಡು ಹಿಂದಕ್ಕೆ ಸರಿದು, ಕಾಗೆ ಕೂಗಿದ್ದು ನನ್ನ ಕಿವಿಯೊಳಗೇ ಕೂಗಿದ ಹಾಗಾಯಿತು. ಪೆಟ್ಟಿಗೆಗೆ ಒಂದು ಸಣ್ಣ ಮೈಕು ಇತ್ತು. ಹಾಡು ಕೇಳುತ್ತಿರುವ ಇಬ್ಬರು, ಹೆಡ್‌ಫೋನ್ ತೆಗೆಯದೆ ಮಾತಾಡಿಕೊಳ್ಳಲಿ ಎಂದು ಮಾಡಿದ ಉಪಾಯ ಅದು.

ನಮಗೆ ಹಬ್ಬವೇ ಆಯಿತು. ಮದುವೆಯಾದಾಗಿನಿಂದ ಆ ಮನೆಯಲ್ಲಿ ನಾವಿಬ್ಬರೇ ಗುಟ್ಟಾಗಿ ಮಾತಾಡಿದ್ದೆಂದರೆ ಬಹಳ ಕಡಿಮೆ. ಅವರು ಪೆಟ್ಟಿಗೆಯನ್ನು ಬಾಯಿಯ ಹತ್ತಿರ ಹಿಡಿದು, ಪಿಸುಗುಟ್ಟುತ್ತಿರುವ ಮುಖ ಮಾಡಿಕೊಂಡು ಹೇಳಿದರು:

"ನಿಮ್ಮಮ್ಮ ಕೊಟ್ಟ ಆ ಹಳದಿ ಸೀರೇಲಿ ನೀನು ಸಖತ್ತಾಗಿ ಕಾಣ್ತೀಯ!"

"ನಿಜವಾಗ್ಲೂ?" ಎಂದೆ ನಾನು, ಅಷ್ಟೇ ಗುಟ್ಟಾಗಿ.

"ನಿನ್ನಾಣೆ! ಸಿನಿಮಾದವರೆಲ್ಲ ಯಾವ ಲೆಕ್ಕ!"

ಕೆಳಗಿನಿಂದ ಒಂದು ಗಂಡಸಿನ ದನಿ ಬಂತು. "ಅಣ್ಣಾ, ಯಾವ ಬಣ್ಣದ ಸೀರೆ ಅಂದ್ರಿ? ಇನ್ನೊಂದ್ಸಲ ಹೇಳಿ, ಇವಳು ಕೇಳ್ತಿದಾಳೆ!"

ಹೆಡ್‌ಫೋನ್ ಕಿತ್ತು ಇಣುಕಿ ನೋಡಿದರೆ, ನಲ್ಲಿಯ ಹತ್ತಿರ ಆರೂ ರೂಮಿನ ಬಾಡಿಗೆಯವರು ಬಿಂದಿಗೆ ಹಿಡಿದು ಕತ್ತು ಮೇಲೆ ಮಾಡಿ ನಿಂತಿದ್ದರು. ಕಿವಿಯಲ್ಲಿ ಹಾಡು ಇದ್ದುದರಿಂದ ಮೆಲ್ಲಗೆ ಮಾತಾಡಿದ್ದೇವೆಂದು ನಮಗೆ ಅನಿಸಿತ್ತು, ಅಷ್ಟೆ. ಅಕ್ಕ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅತ್ತೆ ತಲೆ ಎತ್ತಿ, "ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಂಗೆ ಕೂತವ್ರೆ ನೋಡು, ಕೆಳಗಿಳೀರಿ!" ಎಂದು ಕೂಗಿದರು. ಎಲ್ಲರೂ ಇನ್ನಷ್ಟು ನಕ್ಕರು.

ನಗದೆ ಇದ್ದವರು ಮಾವ ಒಬ್ಬರೇ. ಜಗಲಿಯ ಮೇಲೆ ಕೂತಿದ್ದ ಅವರು ನಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ, "ಏನಂತೆ? ಏನಂತೆ?" ಎಂದು ಕೇಳುತ್ತಿದ್ದರು. ಅತ್ತೆ ಕೈ ಆಡಿಸಿ, "ಏನಿಲ್ಲ," ಎಂದರು. ಅಕ್ಕನೂ "ಏನಿಲ್ಲ ಮಾವ," ಎಂದರು.

ನಾನು ನಾಚಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದವಳು ಅದನ್ನು ಕೇಳಿ ನಿಂತೆ. ಮಾವ ಏನು ಕೇಳಿದರೂ ಆ ಮನೆಯಲ್ಲಿ ಸಿಗುತ್ತಿದ್ದ ಉತ್ತರ ಅದೊಂದೇ. ನಾನೂ ಬಂದಾಗಿನಿಂದ ಅದನ್ನೇ ಹೇಳಿಕೊಂಡು ಬಂದಿದ್ದೆ. ಯಾರು ಅಷ್ಟುದ್ದ ಕಿರುಚುತ್ತಾರೆ?

ಅವರ ಪಕ್ಕ ಹೋಗಿ ಕೂತು ಹೆಡ್‌ಫೋನನ್ನು ಅವರ ತಲೆಗೆ ಹಾಕಿದೆ. ವಾಲ್ಯೂಮ್ ಪೂರ್ತಿ ಏರಿಸಿದೆ. ಮೊದಲು ಹುಬ್ಬು ಮೇಲೆ ಹೋಯಿತು. ಆಮೇಲೆ ಮೀಸೆ ಅಲ್ಲಾಡಿತು. ಆಮೇಲೆ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ನಾನು ಆರೆಂಜ್ ಗುಂಡಿ ಒತ್ತಿ, ಮಾಮೂಲಿ ದನಿಯಲ್ಲಿ, ಕಿರುಚದೆ, "ಮಾವ," ಎಂದೆ.

ಅವರು ಬೆಚ್ಚಿಬಿದ್ದು ಪೆಟ್ಟಿಗೆಯನ್ನು ನೋಡಿದರು. "ಯಾರದು ಕರೆದಿದ್ದು?"

"ನಾನೇ ಮಾವ."

ನನ್ನ ತುಟಿಯನ್ನೇ ನೋಡಿದರು. "ಇನ್ನೊಂದು ಸಲ ಅನ್ನು."

"ಮಾವ."

"ನಿನ್ನ ದನಿ ಹಿಂಗಿದೆಯೇನವ್ವ?" ಎಂದರು. "ನಾನು ದಪ್ಪ ದನಿ ಅಂದ್ಕೊಂಡಿದ್ದೆ. ಗಂಡುದನಿ. ಪಾಪ ನಮ್ಮ ಹುಡುಗ, ಹೆಂಗಪ್ಪ ಸುಧಾರಿಸ್ತಾನೆ ಅಂತ ನಾನೇ ನೊಂದ್ಕೊಂಡಿದ್ದೆ."

ಎಲ್ಲರೂ ಮತ್ತೆ ನಕ್ಕರು. ಈ ಸಲ ಮಾವನೂ ನಕ್ಕರು, ಯಾಕೆ ನಗುತ್ತಿದ್ದಾರೆಂದು ಗೊತ್ತಿದ್ದು ನಕ್ಕರು. ನಾನು ಮಾತ್ರ ಸಂಡಿಗೆ ನೋಡುತ್ತೇನೆಂದು ಮಾಳಿಗೆಗೆ ಎದ್ದುಹೋದೆ.

ಅಲ್ಲಿಗೆ ವಾಕ್‌ಮನ್ ನನ್ನ ಕೈತಪ್ಪಿತು.

ಡಾಕ್ಟರು ಕೊಟ್ಟ ಕಿವಿಯ ಮಿಷನ್ನು ಮಾವನ ಹತ್ತಿರ ಮೊದಲೇ ಇತ್ತು. ನಾಲ್ಕು ವರ್ಷದ ಹಿಂದೆಯೇ ಭಾವ ಕೊಡಿಸಿದ್ದರು. ಮಾವ ಅದನ್ನು ಎರಡು ದಿನ ಹಾಕಿ, "ಇದು ಕಿವುಡರು ಹಾಕೋದು," ಎಂದು ಅಟ್ಟದ ಮೇಲೆ ಎಸೆದಿದ್ದರಂತೆ. ವಾಕ್‌ಮನ್ ಹಾಗಲ್ಲ. ಅದು ಜಪಾನಿನದು, ಊರಿನಲ್ಲಿ ಇನ್ಯಾರ ಹತ್ತಿರವೂ ಇಲ್ಲದ್ದು. ಬಿಳಿ ಪಂಚೆ, ಜುಬ್ಬಾ, ಹೆಗಲಿಗೆ ತೊಗಲಿನ ಚೀಲ, ತಲೆಗೆ ಹೆಡ್‌ಫೋನ್ ಹಾಕಿಕೊಂಡು ಅವರು ಬೀದಿಯಲ್ಲಿ ನಡೆದುಹೋದರೆ ಟೀ ಅಂಗಡಿಯವರು ಎದ್ದು ನೋಡುತ್ತಿದ್ದರು. ಕ್ಯಾಸೆಟ್ ಓಡುತ್ತಿದ್ದರೆ ಮಾತ್ರ ಮೈಕು ಕೆಲಸ ಮಾಡುವುದೆಂದು ತಿಳಿದು ಒಂದು ಖಾಲಿ ಕ್ಯಾಸೆಟ್ ಹಾಕಿಸಿಕೊಂಡರು. ಗುಂಡಿ ಒತ್ತಿ ಹಿಡಿದು ಹೆಬ್ಬೆರಳು ನೋಯತೊಡಗಿದಾಗ, ಗುಂಡಿಯ ಮೇಲೆ ಒಂದು ಹುಣಸೆಬೀಜ ಇಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಆ ಹೊಳೆಯುವ ಜಪಾನ್ ಮಾಲಿನ ಮೇಲೆ ಕರಿ ರಬ್ಬರು ನೋಡಿ ನನ್ನ ಹೊಟ್ಟೆ ಉರಿಯಿತು. ಫಿನಿಷಿಂಗ್ ಹಾಳಾಯಿತು. ಆದರೆ ಏನು ಹೇಳಲಿ? ಹೇಳಿದರೆ ಈಗ ಕೇಳಿಸಿಬಿಡುತ್ತದೆ!

ಮೈಕಿನ ವಿಷಯ ಗೊತ್ತಿಲ್ಲದ ಬಾಡಿಗೆಯವರು ಮಾವ ಹಾಡು ಕೇಳುತ್ತಿದ್ದಾರೆಂದೇ ತಿಳಿದಿದ್ದರು. ಅವರೆದುರೇ ನಲ್ಲಿಯ ಹತ್ತಿರ ಒಬ್ಬಾಕೆ, "ಮೂರು ಮಳೆಯಿಂದ ನಮ್ಮ ರೂಮು ಸೋರ್ತಿದೆ. ಈ ಯಜಮಾನ್ರಿಗೆ ಹೇಳೋದೂ ಒಂದೇ, ಆ ಕಂಬಕ್ಕೆ ಹೇಳೋದೂ ಒಂದೇ," ಎಂದಳಂತೆ. ಮಾರನೆಯ ದಿನ ಗಾರೆಯವನು ಏಣಿ ಹಿಡಿದು ಬಂದ. ಆಕೆ ಬೆರಗಾಗಿ, "ಆ ಕಂಬಾನೇ ಹೇಳ್ತೋ ಏನೋ," ಎಂದದ್ದೂ ಮಾವನಿಗೆ ಕೇಳಿಸಿತು. ಅದನ್ನು ನನ್ನ ಹತ್ತಿರ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕರು.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಊಟಕ್ಕೆ ಕೂತಾಗ ಅನಾಹುತ ಆಯಿತು.

ಅತ್ತೆ ಮಾವನಿಗೆ ಬಡಿಸುವುದನ್ನು ನಾನು ಮದುವೆಯಾದಾಗಿನಿಂದ ನೋಡಿದ್ದೆ. ಮುಖದ ತುಂಬ ನಗು, ಎಲ್ಲರಿಗೂ ಕೇಳಿಸುವ ಹಾಗೆ, "ಇನ್ನೊಂದು ಮುದ್ದೆ ಹಾಕ್ಲೇನ್ರೀ?" ಎಂದು ಬಹುವಚನದಲ್ಲಿ ಉಪಚಾರ. ಅದರ ಹಿಂದೆಯೇ, ಅದೇ ನಗುಮುಖದಲ್ಲಿ, ತಗ್ಗಿದ ದನಿಯಲ್ಲಿ ಇನ್ನೊಂದು ಮಾತು. ಅದು ನಮಗೆ ಕೇಳಿಸುತ್ತಿತ್ತು, ಮಾವನಿಗೆ ಕೇಳಿಸುತ್ತಿರಲಿಲ್ಲ. ಅವತ್ತು ಮಾವ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದರು. ಪೆಟ್ಟಿಗೆ ತಟ್ಟೆಯ ಪಕ್ಕದಲ್ಲಿತ್ತು. ಹತ್ತು ವರ್ಷದ ರೂಢಿಯಲ್ಲಿ ಅತ್ತೆಗೆ ಅದರ ಅರಿವೇ ಇರಲಿಲ್ಲ.

"ಇನ್ನೊಂದು ಮುದ್ದೆ ಹಾಕ್ಲೇನ್ರೀ?" ಎಂದರು ಗಟ್ಟಿಯಾಗಿ. ಆಮೇಲೆ ನಗುತ್ತಲೇ, "ತಿನ್ನು, ತಿನ್ನು. ಕೂತ್ಕೊಂಡು ತಿಂದು ತಿಂದು ಕಂಬಳಿ ಮೂಟೆ ಆಗಿದೀಯ. ಸೊಪ್ಪು ಬಿಡಿಸೋಕೆ ಒಂದು ಕೈ ಹಾಕಲ್ಲ," ಎಂದರು.

ಮಾವ ತುತ್ತು ನುಂಗಿದರು. ನಿಧಾನವಾಗಿ ತಲೆ ಎತ್ತಿ, "ಮುದ್ದೆ ಬೇಡ," ಎಂದರು. "ಸೊಪ್ಪು ಎಲ್ಲಿದೆ ಕೊಡು, ಬಿಡಿಸ್ತೀನಿ."

ಅತ್ತೆಯ ಕೈಯಿಂದ ಸೌಟು ಸಾರಿನ ಪಾತ್ರೆಯೊಳಕ್ಕೆ ಬಿತ್ತು. ಅಕ್ಕ ಎದ್ದು ಹಿತ್ತಲಿಗೆ ಓಡಿದರು, ನಗುವುದಕ್ಕೆ. ನನ್ನ ಗಂಡ ತಟ್ಟೆಯೊಳಗೇ ಮುಖ ಹುದುಗಿಸಿಕೊಂಡರು.

"ಏಕವಚನದಲ್ಲಿ ಬೇರೆ!" ಎಂದರು ಮಾವ. ಸಿಟ್ಟಿಗಿಂತ ಅವರಿಗೆ ಆಶ್ಚರ್ಯವೇ ಹೆಚ್ಚಾದಂತಿತ್ತು.

ಅವತ್ತು ಸಂಜೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಬೈಯುತ್ತಾರೆಂದು ಸಿದ್ಧವಾಗಿಯೇ ಹೋದೆ. ಬೈಯಲಿಲ್ಲ. ಒಲೆಯ ಮುಂದೆ ಕೂತು, ನನ್ನ ಕಡೆ ನೋಡದೆ ಹೇಳಿದರು.

"ನನಗೆ ಮನಸಲ್ಲಿರೋದು ಹೇಳ್ಕೊಳ್ಳೋಕೆ ಇದ್ದಿದ್ದು ಒಂದೇ ಜಾಗ. ಅವರ ಎದುರಿಗೇ ನಿಂತು ಹೇಳ್ತಿದ್ದೆ, ಅವರಿಗೆ ನೋವಾಗ್ತಿರಲಿಲ್ಲ, ನನಗೆ ಹಗುರ ಆಗ್ತಿತ್ತು. ಹತ್ತು ವರ್ಷ ಹಂಗೇ ನಡೀತು. ನೀನು ಒಂದು ಗುಂಡಿ ಒತ್ತಿ ಅದನ್ನೂ ಮುಚ್ಚಿಬಿಟ್ಟೆಯಲ್ಲೆ."

 ಒಬ್ಬರಿಗೆ ಒಳ್ಳೆಯದು ಮಾಡಿದೆನೆಂದು ಬೀಗುತ್ತಿದ್ದವಳಿಗೆ ಇನ್ನೊಬ್ಬರಿಂದ ಏನು ಕಿತ್ತುಕೊಂಡೆನೆಂದು ಹೊಳೆದೇ ಇರಲಿಲ್ಲ.

ಅತ್ತೆ ಆಮೇಲೆ ಮಾತೇ ಬಿಟ್ಟರು. ಬಡಿಸುವಾಗ ಗಟ್ಟಿ ಮಾತೂ ಇಲ್ಲ, ತಗ್ಗಿದ ಮಾತೂ ಇಲ್ಲ. ಮುದ್ದೆ ತಟ್ಟೆಗೆ ಬೀಳುವ ಸದ್ದು ಮಾತ್ರ. ಅವರು ಸುಮ್ಮನಾದದ್ದು ನೋಡಿ ಉಳಿದವರೂ ಸುಮ್ಮನಾದರು. ನಾನು ಯಾವ ನಿಶ್ಶಬ್ದಕ್ಕೆ ಬೋನಸ್ ಪೂರ್ತಿ ಸುರಿದಿದ್ದೆನೋ ಆ ನಿಶ್ಶಬ್ದ ಮನೆಯ ತುಂಬ ಇತ್ತು. ಅದರೊಳಗೆ ಕೂತು ಊಟ ಮಾಡುವುದೇ ಕಷ್ಟವಾಯಿತು.

ಒಂದು ವಾರ ಕಳೆದ ಮೇಲೆ ಮಾವ ಪೆಟ್ಟಿಗೆ ಹಿಡಿದು ನನ್ನ ಹತ್ತಿರ ಬಂದರು.

"ಇದರ ಸೆಲ್ ಹೋಗಿದೆಯೇನೋ ನೋಡವ್ವ."

ನಾನು ಕಿವಿಗೆ ಹಾಕಿಕೊಂಡು ನೋಡಿದೆ. ಅಂಗಳದಲ್ಲಿ ಗುಬ್ಬಿ ಕೂಗುವುದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹೆಡ್‌ಫೋನನ್ನು ಮತ್ತೆ ಅವರ ತಲೆಗೆ ಹಾಕಿದೆ. "ಚೆನ್ನಾಗೇ ಇದೆಯಲ್ಲ ಮಾವ."

"ಮತ್ತೆ ನಿಮ್ಮತ್ತೆ ಮಾತು ಒಂದೂ ಬರ್ತಿಲ್ಲ?"

ಆಗ ಹೇಳಲೇಬೇಕಾಯಿತು. ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ, ಮೈಕಿನ ಹತ್ತಿರ ಬಾಯಿಟ್ಟು ಹೇಳಿದೆ. ಮಾವ ಹೆಬ್ಬೆರಳಿನಿಂದ ಹುಣಸೆಬೀಜವನ್ನು ಸವರಿದರು. ಆಮೇಲೆ, "ಆ ಇನ್ನೊಂದು ಕಿವೀದು ಎಲ್ಲಿಟ್ಟಿದೀಯ?" ಎಂದು ಕೇಳಿದರು. ನನ್ನ ಗಂಡನ ಹೆಡ್‌ಫೋನ್ ತಂದುಕೊಟ್ಟೆ.

ಅತ್ತೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮಾವ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕೇಳದೆ ಮಾಡದೆ ಆ ಹೆಡ್‌ಫೋನನ್ನು ಅತ್ತೆಯ ತಲೆಗೆ, ತುರುಬು ತಪ್ಪಿಸಿ ಸಿಕ್ಕಿಸಿದರು. ಇನ್ನೊಂದು ತೂತಿಗೆ ವೈರು ಚುಚ್ಚಿದರು.

"ಹೂಂ, ಈಗ ಬೈಯಿ. ನಾನೂ ಕೇಳ್ತೀನಿ. ನೀನೂ ಕೇಳು, ಹೆಂಗಿರುತ್ತೆ ಅಂತ."

"ಥೂ, ನಿಮಗೆ ತಲೆ ಕೆಟ್ಟಿದೆ," ಎಂದರು ಅತ್ತೆ. ಎಂದವರೇ ತಮ್ಮ ದನಿಗೆ ತಾವೇ ಬೆಚ್ಚಿ ಕಿವಿ ಮುಟ್ಟಿಕೊಂಡರು. "ಅಯ್ಯೋ, ಇದು ನಾನಾ? ನಮ್ಮಮ್ಮ ಬಂದು ಬೈದ ಹಂಗಾಯ್ತು!"

ಬಾಗಿಲ ಹಿಂದೆ ನಿಂತಿದ್ದ ನನಗೂ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಅವರೆಕಾಯಿ ಬುಟ್ಟಿ ಪಕ್ಕಕ್ಕೆ ಸರಿಸಿ, ಆಮೇಲೆ ನಗು ನಿಲ್ಲಿಸಿ ಹೇಳಿದರು.

"ಹೊಲ ಕೊಡುವಾಗ ನನ್ನ ಒಂದು ಮಾತು ಕೇಳ್ಲಿಲ್ಲ ನೀವು. ಬಾವಿ ಪಕ್ಕದ ಮೂಲೆ ಆದ್ರೂ ಉಳಿಸ್ಕೋಬೇಕಿತ್ತು. ನಾನು ಮದುವೆಯಾಗಿ ಬಂದ ವರ್ಷ ನನ್ನ ಕೈಯಾರೆ ಅಲ್ಲಿ ನುಗ್ಗೆ ನೆಟ್ಟಿದ್ದೆ."

"ಆಗ ಹೇಳ್ಬೇಕಿತ್ತು."

"ಹೇಳಿದ್ದೆ."

ಮಾವ ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿದರು. "ನನಗೆ ಕೇಳಿಸಿರಲಿಲ್ಲ ಕಣೆ."

"ಗೊತ್ತು," ಎಂದರು ಅತ್ತೆ.

ನಾವಿಬ್ಬರೂ ಅಲ್ಲಿಂದ ಸರಿದು ಒಳಗೆ ಹೋದೆವು. ಆಮೇಲೆ ಅವರೇನು ಮಾತಾಡಿದರೋ ನನಗೆ ಗೊತ್ತಿಲ್ಲ. ಸುಲಿದ ಅವರೆಕಾಳು ಒಳಗೆ ಬರುವ ಹೊತ್ತಿಗೆ ಕ್ಯಾಸೆಟ್ಟಿನ ಎರಡೂ ಬದಿ ಮುಗಿದಿತ್ತು. ಅವತ್ತಿನಿಂದ ಅವರಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಊಟದ ಹೊತ್ತಿನಲ್ಲಿ ಮಾವ ಹೆಡ್‌ಫೋನ್ ತೆಗೆದು ಮೊಳೆಗೆ ನೇತುಹಾಕುತ್ತಿದ್ದರು. ಅತ್ತೆ ಹಳೆಯ ಹಾಗೆ ನಗುನಗುತ್ತಾ ಏಕವಚನದಲ್ಲಿ ಬಡಿಸುತ್ತಿದ್ದರು. ಮಾವ ನೆಮ್ಮದಿಯಾಗಿ ಉಣ್ಣುತ್ತಿದ್ದರು.

ವಾಕ್‌ಮನ್ ಅಷ್ಟು ದುಡಿಮೆಗೆ ಮಾಡಿದ್ದಲ್ಲ. ಬೆಳಗಿನಿಂದ ಸಂಜೆಯವರೆಗೂ ಖಾಲಿ ಕ್ಯಾಸೆಟ್ ತಿರುಗಿಸಿ ತಿರುಗಿಸಿ ಅದರೊಳಗಿನ ಬೆಲ್ಟು ಸಡಿಲವಾಯಿತು. ಪೆನ್ಸಿಲ್ ಸೆಲ್ಲುಗಳನ್ನು ಮೂರು ದಿನಕ್ಕೊಮ್ಮೆ ಬದಲಿಸಬೇಕಾಯಿತು. ಕಿವಿಯ ಸ್ಪಂಜು ಪುಡಿಪುಡಿಯಾಗಿ ಉದುರಿತು. ಫ್ಯಾಕ್ಟರಿಯಲ್ಲಿ ಮಿಕ್ಕ ಫ್ಲಾನೆಲ್ ತುಂಡಿನಿಂದ ನಾನೇ ಎರಡು ಟೋಪಿ ಹೊಲಿದು ಹಾಕಿದೆ. ಕೊನೆಗೆ ಒಂದು ದಿನ ಧೈರ್ಯ ಮಾಡಿ, "ಮಾವ, ಜಯನಗರದಲ್ಲಿ ಕಿವಿ ಡಾಕ್ಟರ ಹತ್ತಿರ ಹೋಗೋಣ. ಇದೇ ಥರದ್ದು, ಇನ್ನೂ ಚಿಕ್ಕದು ಬಂದಿದೆಯಂತೆ," ಎಂದೆ.

"ಆರೆಂಜ್ ಗುಂಡಿ ಇರುತ್ತಾ?"

"ಕೇಳೋಣ."

ಡಾಕ್ಟರು ತಾಳ್ಮೆಯ ಮನುಷ್ಯರು. ಪರೀಕ್ಷೆಯೆಲ್ಲ ಮುಗಿಸಿ, ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಡಬ್ಬಿಯಿಂದ ವೈರು ಎಳೆದು ಮಾವನ ಕಿವಿಗೆ ಸಿಕ್ಕಿಸಿದರು. "ಹೇಗಿದೆ ಯಜಮಾನ್ರೇ? ಕೇಳಿಸ್ತಿದೆಯಾ?"

"ಕೇಳಿಸ್ತದೆ." ಮಾವ ಡಬ್ಬಿಯ ಹಿಂದೆ ಮುಂದೆ ಹುಡುಕಿದರು. "ಕ್ಯಾಸೆಟ್ ಎಲ್ಲಿ ಹಾಕೋದು ಸ್ವಾಮಿ?"

"ಇದರಲ್ಲಿ ಹಾಡು ಬರಲ್ಲ ಯಜಮಾನ್ರೇ."

"ಇಷ್ಟು ದೊಡ್ಡ ಡಾಕ್ಟರ ಹತ್ತಿರ ಬಂದು, ಬರೀ ಮಾತಾ?" ಎಂದು ನನ್ನ ಕಡೆ ನೋಡಿದರು. ಡಾಕ್ಟರಿಗೆ ನನ್ನ ವಾಕ್‌ಮನ್ ತೋರಿಸಿ, ಹುಣಸೆಬೀಜದ ಸಮೇತ ಎಲ್ಲ ವಿವರಿಸಿದೆ. ಅವರು ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಟ್ಟು ನೋಡಿ, ಬಹಳ ಹೊತ್ತು ನಕ್ಕರು.

ಹೊಸ ಮಿಷನ್ನು ಹಾಕಿಕೊಂಡೇ ಬಸ್ಸು ಹತ್ತಿದೆವು. ಬಸ್ಸು ಹೊರಟು ನೂರು ಗಜ ಹೋಗುವಷ್ಟರಲ್ಲಿ ಮಾವನ ಮುಖ ಹುಳ್ಳಗಾಯಿತು. ಹಾರನ್ನು, ಗೇರು, ಕಿಟಕಿಯ ಗಾಜು, ಹಿಂದಿನ ಸೀಟಿನ ಮಗು, ಎಲ್ಲವೂ ಒಟ್ಟಿಗೆ ಅವರ ಕಿವಿಗೆ ನುಗ್ಗಿತ್ತು. ಅವರಿಗೆ ಕಿವಿ ಹೋಗುವ ಮುಂಚೆ ನಮ್ಮೂರ ರಸ್ತೆಯ ಎರಡೂ ಬದಿ ರಾಗಿ ಹೊಲವಿತ್ತು.

"ಇಷ್ಟು ಗಲಾಟೆನಾ ಈ ಊರು?" ಎಂದರು. "ಯಾವಾಗಿಂದ?"

"ನೀವು ಹಾಡು ಕೇಳ್ತಾ ಇರಿ ಮಾವ, ಕೊಡ್ಲಾ?" ಎಂದು ವಾಕ್‌ಮನ್ ಚಾಚಿದೆ.

"ಬೇಡ, ಅದು ನಿಂದು. ನೀನು ಕೇಳು." ಜೇಬಿಗೆ ಕೈಹಾಕಿ ಮಿಷನ್ನಿನ ಸ್ವಿಚ್ಚು ಆರಿಸಿ, ಹಾಯಾಗಿ ಕಿಟಕಿಗೆ ಒರಗಿದರು.

ನಾನು ರಬ್ಬರು ಪಟ್ಟಿ ಬಿಚ್ಚಿ, ಬೀಜ ಕಿಟಕಿಯಿಂದ ಎಸೆದು, ಬ್ಯಾಗಿನಲ್ಲಿದ್ದ ನನ್ನ ಕ್ಯಾಸೆಟ್ ಹಾಕಿದೆ. ಎಷ್ಟು ತಿಂಗಳ ಮೇಲೆ! ಬೆಲ್ಟು ಸಡಿಲವಾಗಿತ್ತಲ್ಲ, ಗಾಯಕಿಯ ದನಿ ನೆಗಡಿಯಾದ ಗಂಡಸಿನ ದನಿಯಾಗಿತ್ತು. ಆದರೂ ಕೇಳಿದೆ. ಮೊದಲ ಚರಣ ಮುಗಿದಿತ್ತು ಎಂದು ಕಾಣುತ್ತದೆ, ಹಿಂದಿನವರು ನನ್ನ ಹೆಗಲು ತಟ್ಟಿದರು. ತಿರುಗಿದರೆ ಕಂಡಕ್ಟರ್ ಪಕ್ಕದಲ್ಲೇ ನಿಂತು ನಮ್ಮಿಬ್ಬರನ್ನೂ ನೋಡುತ್ತಾ ಬಾಯಿ ಆಡಿಸುತ್ತಿದ್ದ. ಎಷ್ಟು ಹೊತ್ತಿನಿಂದ ಟಿಕೆಟ್ ಕೇಳುತ್ತಿದ್ದನೋ ಏನೋ. ನಾನು ಹೆಡ್‌ಫೋನ್ ತೆಗೆಯುವ ಮುಂಚೆಯೇ ಮಾವ ಜುಬ್ಬಾದಿಂದ ನೋಟು ತೆಗೆದು, "ಎರಡು ಜರಗನಹಳ್ಳಿ!" ಎಂದರು. ಡ್ರೈವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.